ಆಳ ನೋಡುವ ಗಾಳ

ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ. ನಾನು ಸಾಗರದಲ್ಲಿ ಹೊಳೆ ಅಳೆಯುವ ಒಂದು ಕಚೇರಿಯ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ನಮ್ಮ ಇಂಜಿನಿಯರ್ ಸಾಹೇಬರಿಗೆ ಭಾನುವಾರ ಹೊನ್ನಾವರದ ಸಮುದ್ರದಲ್ಲಿ ನಂಗು ಮೀನು ಹಿಡಿಯುವ ಹುಚ್ಚು. ಗಾಳದ ಕೋಲು, ರೀಲು ಸ್ವಂತಕ್ಕೆ ಕೊಳ್ಳಲು ಮನಸ್ಸಿಲ್ಲ. ‘ನೀರಿನ ಆಳ ನೋಡುವ ಸಲಕರಣೆ’ ಎಂದು ಬರೆದು ಬೊಂಬಾಯಿಯಿಂದ ಎರಡು ಜೊತೆ ತರಿಸಿದರು.

ನಂಗು ಚಪ್ಪಟೆ ಮೀನು, ತಳದ ಮರಳಿಗೆ ಅಂಟಿಕೊಂಡು ಮಲಗಿರುತ್ತದೆ. ಕೊಕ್ಕೆ ಕಟ್ಟಿದ ಸೀಸದ ಗುಂಡನ್ನು ಅದರ ಮುಂದೆ ಮೆಲ್ಲಗೆ ಕುಣಿಸಿ ಕೆಣಕಬೇಕು. ಬಾಯಿ ಹಾಕಿದ್ದು ಕೈಗೆ ತಿಳಿಯಬೇಕಾದರೆ ಕೋಲು ಹಗುರವಾಗಿರಬೇಕು. ಸಾಹೇಬರು ಬಳ್ಳಿಯಂಥ ಕೋಲನ್ನೂ ಅಂಗೈಯಲ್ಲಿ ಅಡಗುವ ರೀಲನ್ನೂ ಆರಿಸಿ ಮುದ್ದಾಡುತ್ತಿದ್ದರು.

“ಅಳತೆ ಸಲಕರಣೆಗೆ ಭಾರದ ಪರೀಕ್ಷೆ ಆಗ್ಬೇಕಲ್ಲ ಸಾರ್, ನೀವೇ ಮಾಡಿದ ರೂಲು,” ಅಂದೆ. ತುದಿಗೆ ಹತ್ತು ಸೇರಿನ ಕಲ್ಲು ಕಟ್ಟಿದೆ. ಬಳ್ಳಿ ಲಟಕ್ಕನೆ ಮುರಿಯಿತು. ಇನ್ನೊಂದು ಒನಕೆಯಂಥದ್ದು, ಅದರ ರೀಲು ಬಾವಿಯ ರಾಟೆಯಷ್ಟಿತ್ತು. ಅದು ಅಲುಗಲೇ ಇಲ್ಲ. ಪಾಸಾಯಿತು.

ಸೋಮವಾರ ಸಾಹೇಬರು ಖಾಲಿ ಚೀಲ ಹಿಡಿದು ಬಂದರು. “ಮೀನು ಕಚ್ಚಿದ್ದೇ ಗೊತ್ತಾಗ್ಲಿಲ್ಲ ಕಣ್ರೀ. ಗಾಳ ಅಲ್ಲ ಅದು, ಬೇಲಿಗೂಟ!”

“ಆಳ ಎಷ್ಟು ಬಂತು ಸಾರ್? ಸಲಕರಣೆ ಹೊರಗೆ ಹೋದ್ರೆ ಅಳತೆ ಬರೀಬೇಕು.”

ನನ್ನನ್ನು ನುಂಗುವಂತೆ ನೋಡಿದರು. “ಹದಿನೆಂಟಡಿ. ಬರ್ಕೊಳ್ರೀ!”

ಬರೆದೆ. ಆ ವಾರ ಶರಾವತಿಯ ಆಳವೆಂದು ಮೇಲಿನ ಕಚೇರಿಗೆ ಹೋದದ್ದು ಹೊನ್ನಾವರದ ಸಮುದ್ರದ ಆಳ. ಅಲ್ಲಿಂದ ಒಂದೇ ಸಾಲಿನ ಉತ್ತರ ಬಂತು: ಅಳತೆ ಎಂದಿನಂತೆ ಸರಿಯಾಗಿದೆ.