ತಿದಿ ಮಾವ

ಹಿಡಿ ತಿರುಗಿಸಿದರೆ ತಾನೇ ನುಡಿಯುವ ಹಳೇ ಆರ್ಗನ್‌ಗಳಿಗೆ ಗಾಳಿಯೂದುವ ತಿದಿಗಳನ್ನು ರಿಪೇರಿ ಮಾಡುವ ನಮ್ಮ ಸೋದರಮಾವನ ಲೆಕ್ಕದಲ್ಲಿ, ಅವನ್ನು ಹಿಂದೆ ಮುಟ್ಟಿದವರೆಲ್ಲ ಕಟುಕರೇ. ತಿದಿ ಬಿಚ್ಚುವ ಮೊದಲೇ ಬೈಗುಳ ಶುರು: "ಇದನ್ನ ತೇಪೆ ಅಂತಾರೇನ್ರೀ? ಇವನ ಕೈಗೆ ಕತ್ತರಿ ಕೊಟ್ಟವರ್ಯಾರು?" ಅಂಟು ಕಾಯುವಾಗ ಮನೆಯಲ್ಲಿ ಯಾರೂ ಸೀನುವ ಹಾಗಿಲ್ಲ. ತೇಪೆಯ ಚರ್ಮವನ್ನು ಕೆನ್ನೆಗೊತ್ತಿ ನೋಡದೆ ಕತ್ತರಿಸುವುದಿಲ್ಲ. ಗಾಳಿ ಸೋರುವ ಸದ್ದು ಹುಡುಕುವಾಗಲಂತೂ ಅತ್ತೆ ಫ್ಯಾನ್ ಆರಿಸಿ, ತಾವೂ ಉಸಿರು ಬಿಗಿಹಿಡಿದು ನಿಲ್ಲಬೇಕು. ಮೊನ್ನೆ ಮಾತ್ರ, ನೂರು ವರ್ಷದ ಒಂದು ಆರ್ಗನ್ನಿನ ತಿದಿ ಬಿಚ್ಚಿದವರು ಬೈಯಲೇ ಇಲ್ಲ. ಮಡಿಕೆಯೊಳಗಿನ ತೇಪೆಯ ಮೇಲೆ ಬೆರಳಾಡಿಸಿ, "ನೋಡೇ, ಅಂಚೇ ಕೈಗೆ ಸಿಗ್ತಿಲ್ಲ! ಯಾರಪ್ಪ ಈ ಪುಣ್ಯಾತ್ಮ?" ಎಂದು ಅತ್ತೆಯನ್ನು ಕರೆದರು. ಅತ್ತೆ ಟಾರ್ಚ್ ಹಾಕಿದರೆ, ಒಳಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ನಮ್ಮ ಚಿಕ್ಕಮಾವನ ಸಹಿ! ಮೂವತ್ತು ವರ್ಷದ ಹಿಂದೆ "ನಿನ್ನ ಕೈಗೆ ಈ ಕೆಲಸ ಹತ್ತಲ್ಲ, ನಡಿ" ಎಂದು ಇವರೇ ಹೊರಗಟ್ಟಿದ, ಆಮೇಲೆ ಬಸ್ ಡಿಪೋದಲ್ಲಿ ಚಕ್ರ ತೊಳೆಯುತ್ತಲೇ ತಲೆ ನರೆತ ಸ್ವಂತ ತಮ್ಮ. ಮಾವ ಮತ್ತೊಮ್ಮೆ ಆ ತೇಪೆ ಸವರಿ ನೋಡಿದರು. "ಇಷ್ಟು ಚೆನ್ನಾಗಿ ಮಾಡ್ತಿದ್ನೇನೇ ಅವನು?" ಅತ್ತೆ ಟಾರ್ಚ್ ಆರಿಸಿ ಮೆಲ್ಲಗೆ ಅಂದರು: "ನೀವು ಒಂದು ದಿನಾನೂ ಮುಟ್ಟಿ ನೋಡಲಿಲ್ವಲ್ಲ."