ಕಲಾವತಿಯ ಟಿಕ್ ಹಾಕಿದ ಪಟ್ಟಿ

ಕಲಾವತಿಗೆ ಮದುವೆ ಗೊತ್ತಾಗಿದೆ ಎಂದು ನಿರಂಜನ ಒಂದು ವಾರ ಪೂರ್ತಿ ನಂಬಿಕೊಂಡಿದ್ದ. ಹೆಬ್ಬಾಳದ ಆಫೀಸಿನಲ್ಲಿ ಪಕ್ಕದ ಮೇಜಿನ ಈ ಹುಡುಗಿ ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಹೆಸರು ಬರೆದು, ಪೆನ್ಸಿಲಿನಿಂದ ಟಿಕ್ ಹಾಕುತ್ತ ಕೂತಿರುತ್ತಿದ್ದಳು. ದೂರದಿಂದ ನೋಡಿದವನಿಗೆ ಅದು ಮದುವೆಗೆ ಕರೆಯಬೇಕಾದ ಮನೆಗಳ ಪಟ್ಟಿಯಂತೆಯೇ ಕಂಡಿತು. ಇನ್ನು ರಜೆ ಹಾಕುತ್ತಾಳೆ, ಸೋಮವಾರದ ಡೆಮೊ ತನಗೇ ಬರುತ್ತದೆ ಎಂಬ ಸಂತೋಷದಲ್ಲಿ ಅವಳಿಗೆ ಮೂರು ಸಲ ಕಾಫಿ ತಂದುಕೊಟ್ಟ.

ಡೆಮೊ ಎಂದರೆ ಆಸ್ಪತ್ರೆಯೊಂದರ ದೊಡ್ಡ ಡಾಕ್ಟರುಗಳ ಮುಂದೆ ಕೆಲಸ ಮಾಡಿ ತೋರಿಸುವುದು. ನೋಂದಣಿ, ಲ್ಯಾಬ್, ಔಷಧ, ಡಿಸ್ಚಾರ್ಜ್, ಒಂದೊಂದಕ್ಕೂ ಅಲ್ಲಿ ಒಂದೊಂದು ಸಾಫ್ಟ್‌ವೇರ್. ಅವು ನೇರವಾಗಿ ಮಾತಾಡುವುದಿಲ್ಲ. ನಡುವೆ ಸಂದೇಶ ಹೊತ್ತು ಓಡಾಡುವ ಏರ್ಪಾಡಿಗೆ ಸರ್ವಿಸ್ ಬಸ್ ಎಂದು ಹೆಸರು. ಅದರ ನಕ್ಷೆ ಬರೆದವನು ನಿರಂಜನ. ಕೊರಳಿನ ಬ್ಯಾಡ್ಜಿನಲ್ಲಿ ‘ಪ್ರಿನ್ಸಿಪಲ್ ಆರ್ಕಿಟೆಕ್ಟ್’ ಎಂದಿದ್ದುದರಿಂದ ಅದನ್ನು ಊಟದ ಹೊತ್ತಿನಲ್ಲೂ ತೆಗೆಯುತ್ತಿರಲಿಲ್ಲ. ಅವನ ನಕ್ಷೆಯಲ್ಲಿ ಸಂದೇಶ ನಾಲ್ಕೂ ಕಡೆಗೆ ಒಟ್ಟಿಗೇ ಹೋಗುತ್ತಿತ್ತು. ನೋಡಲು ಚೆಂದ. ಪರೀಕ್ಷೆ ಮಾಡಿದಾಗ ಮಾತ್ರ ಲ್ಯಾಬಿಗೆ ರಕ್ತ ಕೊಡುವ ಮೊದಲೇ ರೋಗಿಗೆ ಡಿಸ್ಚಾರ್ಜ್ ಚೀಟಿ ಬಂತು.

ಗುರುವಾರದ ಮೀಟಿಂಗಿನಲ್ಲಿ ಕಲಾವತಿ ಆ ನೋಟ್‌ಬುಕ್ ಬಿಚ್ಚಿದಳು. ಜಕ್ಕೂರಿನ ಹಳೇ ಊರಿನವಳು, ಕೆಲಸಕ್ಕೆ ಸೇರಿ ಮೂರು ವರ್ಷ, ಕೂರುವುದು ಯಾವಾಗಲೂ ಕೊನೆಯ ಕುರ್ಚಿಯಲ್ಲಿ. ಪಟ್ಟಿಯಲ್ಲಿದ್ದದ್ದು ಆ ನಾಲ್ಕು ಸಾಫ್ಟ್‌ವೇರ್‌ಗಳ ಹೆಸರು. ಅದನ್ನು ಸಂದೇಶದ ಬೆನ್ನಿಗೇ ಅಂಟಿಸಿದ್ದಳು. ಮೊದಲು ನೋಂದಣಿ, ಅದು ಉತ್ತರ ಕೊಟ್ಟು ಟಿಕ್ ಬಿದ್ದ ಮೇಲೆ ಲ್ಯಾಬ್, ಆ ವರದಿಯನ್ನೂ ಹೊತ್ತುಕೊಂಡು ಔಷಧ, ಡಿಸ್ಚಾರ್ಜ್ ಕಟ್ಟಕಡೆಗೆ. ಯಾರಾದರೂ ಉತ್ತರ ಕೊಡದಿದ್ದರೆ ಸಂದೇಶ ಅಲ್ಲೇ ಕಾಯುತ್ತಿತ್ತು.

“ಇದನ್ನೆಲ್ಲಿ ಕಲ್ತೆ?” ಎಂದರು ಮ್ಯಾನೇಜರ್ ವಂದನಾ.

“ನಮ್ಮಜ್ಜಿ ಸೊಣ್ಣಮ್ಮನ ಹತ್ರ ಮೇಡಂ. ಮದ್ವೆ ಕರೆಯೋಕೆ ಹೊರಟ್ರೆ ಬಾಗ್ಲಲ್ಲಿ ಕೂತು ಹೇಳೋರು: ‘ಮೊದ್ಲು ದೊಡ್ಡಮನೆ. ಅವ್ರು ಕುಂಕುಮ ಇಟ್ಕೊಂಡು ಊಂ ಅಂದ್ಮೇಲೆ ಸೋದರಮಾವನ ಮನೆಗೋಗು. ಇಂದುಮುಂದಾದ್ರೆ ಒಬ್ರೂ ಬರಾಕಿಲ್ಲ.’”

ವಂದನಾ ನಕ್ಕರು. “ಡೆಮೊ ಯಾರು ಕೊಡ್ಬೇಕು ಅಂತ ನಾಳೆ ಹೇಳ್ತೀನಿ.”

ನಿರಂಜನ ಡಬ್ಬಿಯ ಚಿತ್ರಾನ್ನವನ್ನು ಅರ್ಧಕ್ಕೇ ಮುಚ್ಚಿಟ್ಟ. ಅಲ್ಲಾಳಸಂದ್ರದ ಮನೆಯ ಗೃಹಪ್ರವೇಶಕ್ಕೆ ತಾನು ಎಲ್ಲರನ್ನೂ ಒಂದೇ ವಾಟ್ಸಾಪ್ ಮೆಸೇಜಿನಲ್ಲಿ ಕರೆದದ್ದು, ಸೋದರಮಾವ ಇವತ್ತಿಗೂ ಮುಖ ತಿರುಗಿಸಿಕೊಂಡು ಹೋಗುವುದು ನೆನಪಾಯಿತು. ಮಧ್ಯಾಹ್ನವಿಡೀ ಅವಳ ಕೆಲಸದಲ್ಲಿ ತಪ್ಪು ಹುಡುಕಿದ. ಒಂದು ಅಕ್ಷರ ಬಿಟ್ಟುಹೋದದ್ದು ಸಿಕ್ಕಿತು. ಅದನ್ನು ಇಡೀ ಟೀಮಿಗೆ ಮೇಲ್ ಮಾಡಿದ. ಎರಡು ನಿಮಿಷದಲ್ಲಿ ಸರಿಮಾಡಿ, “ಥ್ಯಾಂಕ್ಸ್ ಸರ್” ಎಂದು ಅವಳು ಬರೆದದ್ದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಶುಕ್ರವಾರ ಸಂಜೆ ವಂದನಾ ಕಳಿಸಿದ ಮೇಲ್ ಬಂದಿತ್ತು. ನಿರಂಜನ ಅದನ್ನು ತೆರೆಯಲಿಲ್ಲ. ಬ್ಯಾಡ್ಜ್ ನೆಟ್ಟಗೆ ಮಾಡಿಕೊಂಡು ಕಲಾವತಿಯ ಮೇಜಿನ ಹತ್ತಿರ ಹೋದ.

“ಅಲ್ಲ ಕಲಾವತಿ, ಮನೆಮನೆ ಕರೆಯೋದು ಇಷ್ಟು ಬಾಯಿಪಾಠ ಇದೆ ಅಂದ್ರೆ... ನಿಮ್ದೇ ಮದ್ವೆ ಏನಾದ್ರೂ ಸೋಮವಾರ ಇದ್ಯಾ?”

ಅವಳು ಬ್ಯಾಗಿನ ಜಿಪ್ ಎಳೆದಳು.

“ಇಲ್ಲ ಸರ್. ಸೋಮವಾರ ಡೆಮೊ ಇದೆ. ನಾನೇ ಕೊಡ್ತಿದೀನಿ.”