ಅವನಿಗೋ, ಅಲ್ಲಿಂದಲೋ

—ಅಥವಾ ‘ಅಲ್ಲಿಂದ’ ಎಂದೇ ಅಂದಿದ್ದನೋ. ಕಿವಿ ಕೇಳಿದ್ದು ಒಂದು, ಕೈ ಬರೆದದ್ದು ಇನ್ನೊಂದು, ಈ ನಾಲ್ಕು ವರ್ಷ ನೆನಪೆಂದು ತಲೆ ಇಟ್ಟುಕೊಂಡದ್ದು ಮತ್ತೊಂದು. ಇವುಗಳಲ್ಲಿ ಬರೆದದ್ದಕ್ಕೆ ಮಾತ್ರ ಪುರಾವೆ ಇದೆ. ‘ನಾನು ಅವನಿಗೆ ಬೀಳಲ್ಲ’ — ಲೋಕೇಶ ಹೀಗೆ ಹೇಳಿದ್ದಾನೆ ಎಂದು ನಾನು ಬರೆದೆ. ‘ತೆರೆಮರೆ’ ಎಂಬ ನನ್ನ ಆನ್‌ಲೈನ್ ಪುಟದಲ್ಲಿ, ‘ನಮ್ಮ ಮೂಲಗಳ ಪ್ರಕಾರ’ ಎಂದು ಶುರುಮಾಡಿ. ಮೂಲಗಳು ಇರಲಿಲ್ಲ. ಇದ್ದದ್ದು ನಾನೊಬ್ಬ, ಅರ್ಧ ತೆರೆದ ಒಂದು ಬಾಗಿಲು. ಅವನು ಹಾಗೆ ಹೇಳಿರಲಾರ ಎಂಬ ಅನುಮಾನ ಬರೆಯುವಾಗಲೇ ಇತ್ತು. ಅನುಮಾನ ಎನ್ನುವುದು ಮೆತ್ತನೆಯ ಮಾತು. ಗೊತ್ತಿತ್ತು.

ಆ ಪುಟವನ್ನು ಓದುತ್ತಿದ್ದ ನಿಮಗೇ ಇದನ್ನು ಹೇಳುತ್ತಿದ್ದೇನೆ. ನಿಮ್ಮಲ್ಲಿ ಕೆಲವರು ಅಂದು ಹೇರೋಹಳ್ಳಿಯ ಮಂಟಪದಲ್ಲಿ ಕೂತು ಕೂಗಿದವರು. ಉಳಿದವರಿಗೆ ಮೊದಲಿನಿಂದ ಹೇಳಬೇಕು — ಮೊದಲು ಎಲ್ಲಿದೆ ಎಂದು ನಾನೇ ಆರಿಸಬೇಕು, ಆರಿಸುವಾಗಲೇ ಒಂದಿಷ್ಟು ಸುಳ್ಳು ಸೇರಿಕೊಳ್ಳುತ್ತದೆ. ಇರಲಿ.

ಆಷಾಢದಲ್ಲಿ ಮದುವೆಗಳಿರುವುದಿಲ್ಲ. ಕಲ್ಯಾಣ ಮಂಟಪಗಳು ಖಾಲಿ ಬಿದ್ದಿರುತ್ತವೆ. ಆ ತಿಂಗಳ ಭಾನುವಾರ ಮಧ್ಯಾಹ್ನಗಳಲ್ಲಿ ನಾಗರಾಜಣ್ಣ ರೆಸ್ಲಿಂಗ್ ಆಡಿಸುತ್ತಿದ್ದರು. ಹೇರೋಹಳ್ಳಿಯವರೇ, ಹೊಲಗಳೆಲ್ಲ ಸೈಟುಗಳಾದಾಗ ಉಳಿಸಿಕೊಂಡ ಜಾಗದಲ್ಲಿ ಸಿಮೆಂಟ್ ಅಂಗಡಿ ಇಟ್ಟವರು. ಅವರು ಆಡಿಸುತ್ತಿದ್ದದ್ದು ಗರಡಿಯ ಕುಸ್ತಿಯಲ್ಲ, ಟಿವಿಯಲ್ಲಿ ಬರುವಂಥದ್ದು — ಹಗ್ಗ ಕಟ್ಟಿದ ರಿಂಗು, ಗೆದ್ದವನ ಸೊಂಟಕ್ಕೆ ಬೆಲ್ಟು, ಕಣ್ಣು ಕುಕ್ಕುವ ಚಡ್ಡಿಗಳು, ಒಬ್ಬೊಬ್ಬನಿಗೂ ಒಂದೊಂದು ಹಾಡು. ಒಳ್ಳೆಯವರ ಪಾತ್ರದವರು ವಧುವಿನ ಕೋಣೆಯಲ್ಲಿ ಬಟ್ಟೆ ಬದಲಿಸುತ್ತಿದ್ದರು, ಕೆಟ್ಟವರು ವರನ ಕೋಣೆಯಲ್ಲಿ. ಯಾರು ಗೆಲ್ಲಬೇಕು, ಯಾರು ಸೋಲಬೇಕು, ಹೇಗೆ ಎಂದು ಮೊದಲೇ ತೀರ್ಮಾನಿಸುವುದಕ್ಕೆ ಬುಕಿಂಗ್ ಎನ್ನುತ್ತಾರೆ. ಬುಕಿಂಗ್ ಮಾಡುವುದು ನಾಗರಾಜಣ್ಣನ ಕೆಲಸ. ಅದು ಸರಿಯಿಲ್ಲ ಎಂದು ಬರೆಯುವುದು ನನ್ನ ಕೆಲಸ.

ಸೋಲು ಗೆಲುವು ಮೊದಲೇ ಗೊತ್ತುಮಾಡಿದ ಆಟದ ಬಗ್ಗೆ ಜಗಳವಾಡುವುದೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಂದೂ ಬದಲಾಗಿಲ್ಲ: ಗೊತ್ತುಮಾಡಿದ್ದರಿಂದಲೇ. ಓಟದಲ್ಲಿ ಸೋತವನನ್ನು ಅವನ ಕಾಲು ಸೋಲಿಸುತ್ತದೆ. ಇಲ್ಲಿ ಇವನು ಸೋಲಲಿ ಎಂದು ಯಾರೋ ಕೂತು ಯೋಚಿಸಿರುತ್ತಾರೆ. ಯೋಚನೆಗೆ ಕಾರಣ ಕೇಳುವ ಹಕ್ಕು ನೋಡುವವನಿಗಿದೆ. ನಾಗರಾಜಣ್ಣನ ಕಾರಣ ಸರಳವಾಗಿತ್ತು — ಕಿರಣ ಅವರ ಹೆಂಡತಿಯ ತಮ್ಮ. ಎರಡು ಆಷಾಢ ಬೆಲ್ಟು ಭಾಮೈದನ ಸೊಂಟ ಬಿಡಲಿಲ್ಲ. ಕಿರಣನಿಗೆ ಮುಖ ಇತ್ತು, ಮೈ ಇತ್ತು, ಕೂದಲಂತೂ ಬೇಕಾದಷ್ಟಿತ್ತು. ಏಟು ಬಿದ್ದಾಗ ನೋವಾದಂತೆ ಕಾಣುವುದೊಂದು ಬರುತ್ತಿರಲಿಲ್ಲ. ಲೋಕೇಶನಿಗೆ ಬರುತ್ತಿದ್ದದ್ದೇ ಅದು. ಬಾಪೂಜಿ ನಗರದವನು, ಮೈಸೂರು ರಸ್ತೆಯ ಲಾರಿ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್, ರಿಂಗಿನಲ್ಲಿ ‘ಲೋಕಿ’. ಅವನು ಬಿದ್ದರೆ ಕೊನೆಯ ಸಾಲಿನಲ್ಲಿದ್ದ ಅಜ್ಜಿಯರೂ ಕುರ್ಚಿಯಿಂದ ಅರ್ಧ ಏಳುತ್ತಿದ್ದರು. ಬೀಳಿಸಿದವನು ದೊಡ್ಡವನಾಗಿ ಕಾಣುವಂತೆ ಬೀಳುತ್ತಿದ್ದ. ಬೆಲ್ಟು ಅವನಿಗೆ ಸೇರಬೇಕಿತ್ತು. ಈ ಅಭಿಪ್ರಾಯದಲ್ಲಿ ನಾನು ತಪ್ಪಿರಲಿಲ್ಲ. ಒಂದಕ್ಷರವನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ.

ಒಂದು ಮಾತನ್ನು ಬಿಡಿಸಿ ಹೇಳಬೇಕು. ಆ ತಂಡದಲ್ಲಿ ‘ಬೀಳೋದು’ ಎಂದರೆ ಎರಡು ಅರ್ಥ. ಒಬ್ಬನಿಗೆ ಬೀಳೋದು ಎಂದರೆ ಅವನೆದುರು ಸೋಲುವುದು. ಒಂದು ಕಡೆಯಿಂದ ಬೀಳೋದು ಎಂದರೆ ನಿಜಕ್ಕೂ ಬೀಳುವುದು — ಬೆನ್ನು, ಹಲಗೆ, ಸದ್ದು. ಎರಡನೆಯದನ್ನು ಯಾರು ಬೇಕಾದರೂ ಒಲ್ಲೆ ಎನ್ನಬಹುದು, ಮೈ ಅವನದು. ಮೊದಲನೆಯದನ್ನು ಒಲ್ಲೆ ಎಂದವನು ಮಾತ್ರ ಮುಗಿದ. ತನ್ನ ಹೆಸರಿಗಾಗಿ ಇನ್ನೊಬ್ಬನ ಕೆಲಸ ಕೆಡಿಸುವವನು, ಅಂಥವನ ಕೈಗೆ ತಮ್ಮ ಕತ್ತು ಬೆನ್ನು ಹೇಗೆ ಕೊಡುವುದು ಎಂದು ಎಲ್ಲರೂ ದೂರ ಸರಿಯುತ್ತಾರೆ. ಕುರ್ಚಿಯಲ್ಲಿ ಕೂತ ನಮಗೆ ಇದೆಲ್ಲ ತಿರುವುಮುರುವು. ಸೋಲಲೊಲ್ಲೆ ಎಂದವನು ನಮ್ಮ ಪಾಲಿಗೆ ಗಂಡು. ಮೇಲಿಂದ ಬೀಳಲೊಲ್ಲೆ ಎಂದವನು ಪುಕ್ಕಲ.

ಮೂರನೆಯ ವರ್ಷದ ಆಷಾಢ. ಆಟಕ್ಕೆ ಒಂದು ವಾರ ಮುಂಚೆ ಅಭ್ಯಾಸವಿತ್ತು. ಕುರ್ಚಿ ಜೋಡಿಸಲು ನಾನೂ ಹೋಗಿದ್ದೆ. ಚಿತ್ರಾನ್ನ ತಿಂದು ಕೈ ತೊಳೆಯಲು ವಧುವಿನ ಕೋಣೆಯ ಪಕ್ಕದ ನಲ್ಲಿಗಳ ಹತ್ತಿರ ಬಂದೆ. ಒಳಗೆ ನಾಗರಾಜಣ್ಣ ಮತ್ತು ಲೋಕೇಶ.

“ಬಾಲ್ಕನಿಯಿಂದ ಊಟದ ಟೇಬಲ್ ಮೇಲೆ. ಜನ ಹುಚ್ಚೆದ್ದು ಹೋಗ್ತಾರೆ ಕಣೋ.”

“ನಾನು — ಬೀಳಲ್ಲ ನಾಗಣ್ಣ. ಬೇರೆ ಏನಾದ್ರೂ ಹೇಳಿ.”

ನಡುವಿನ ಆ ಒಂದು ಮಾತು. ನಲ್ಲಿ ಸುರಿಯುತ್ತಿತ್ತು, ಅದರ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ — ಹೀಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡು ಹೇಳಿಕೊಂಡು ಈಗ ಆ ನೀರು ಕಣ್ಣಿಗೂ ಕಾಣುತ್ತದೆ. ಆದರೆ ಆ ನಲ್ಲಿಯ ವಾಷರ್ ಸವೆದಿತ್ತು, ಮೂರು ಸುತ್ತು ತಿರುಗಿಸಿ ಒತ್ತಿ ಹಿಡಿದರೆ ಮಾತ್ರ ನಿಲ್ಲುತ್ತಿತ್ತು ಎಂಬುದೂ ನೆನಪಿದೆ. ನಿಲ್ಲಿಸದವನಿಗೆ ಅದು ಹೇಗೆ ಗೊತ್ತಾಗಬೇಕು? ನಾನು ನಲ್ಲಿ ನಿಲ್ಲಿಸಿದ್ದೆ. ಕೇಳಿಸಿಕೊಳ್ಳಲೆಂದೇ ನಿಲ್ಲಿಸಿದ್ದೆ.

ಹಾಗಿದ್ದೂ ಆ ಮಾತು ‘ಅವನಿಗೆ’ಯೋ ‘ಅಲ್ಲಿಂದ’ವೋ ಎಂದು ಇಂದು ಪ್ರಮಾಣ ಮಾಡಲಾರೆ. ಬಾಲ್ಕನಿಯ ಮಾತು ಮೊದಲು ಬಂತೋ ಆಮೇಲೋ, ಅದನ್ನೂ. ಬೇರೆ ಕೆಲವು ಸಂಗತಿಗಳ ಬಗ್ಗೆ ಮಾತ್ರ ಅನುಮಾನವಿಲ್ಲ. ಲೋಕೇಶ ಎರಡು ತಿಂಗಳಿಂದ ಬೈಕು ಬಿಟ್ಟು ಬಸ್ಸಿನಲ್ಲಿ ಓಡಾಡುತ್ತಿದ್ದ. ಹೆಲ್ಮೆಟ್ಟಿನ ಭಾರಕ್ಕೆ ಕತ್ತು ತಡೆಯುತ್ತಿಲ್ಲ, ಎಡಗೈ ಜುಮ್ಮೆನ್ನುತ್ತದೆ ಎಂದು ವಿಜಯನಗರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ನನ್ನೊಬ್ಬನಿಗೇ ಹೇಳಿದ್ದ. “ಯಾರಿಗೂ ಹೇಳ್ಬೇಡ ಮಗಾ, ಸರಿಹೋಗುತ್ತೆ” ಎಂದಿದ್ದ. ಹೇಳಲಿಲ್ಲ. ಆ ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ.

ಕತ್ತು ನೋವಿದ್ದವನು ‘ಬೀಳಲ್ಲ’ ಎಂದರೆ ಅರ್ಥವೇನೆಂದು ತಿಳಿಯಲು ಮೂಲಗಳು ಬೇಡ. ಆದರೆ ನಾನು ಆರು ತಿಂಗಳಿಂದ ಒಂದು ಕಥೆ ಬರೆಯುತ್ತಿದ್ದೆ — ಭಾಮೈದನ ದರ್ಬಾರು, ತುಳಿತಕ್ಕೊಳಗಾದ ಲೋಕಿ. ಕತ್ತು ನೋವಿಗೆ ಆ ಕಥೆಯಲ್ಲಿ ಜಾಗವಿರಲಿಲ್ಲ. ಹಗಲು ರಾಜಾಜಿನಗರದ ಪ್ರೆಸ್ಸಿನಲ್ಲಿ ಕರಡು ತಿದ್ದುವವನು ನಾನು. ಒಂದು ಪದ ಬದಲಾದರೆ ವಾಕ್ಯ ಎತ್ತ ತಿರುಗುತ್ತದೆ ಎಂದು ನನಗೆ ಯಾರೂ ಕಲಿಸಬೇಕಿರಲಿಲ್ಲ. ‘ಭಾಮೈದನಿಗೆ ಬೀಳಲ್ಲ: ಲೋಕಿ ಗುಡುಗು’ ಎಂದು ತಲೆಬರಹ ಹಾಕಿದೆ. ಹೊಗಳಿಕೆ ಎಂದುಕೊಂಡೇ ಹಾಕಿದೆ, ಅದು ನಿಜ — ಆದರೆ ನಿಜವೆಂಬ ಕಾರಣಕ್ಕೆ ಅದು ನೆಪವಾಗಬಾರದು.

ನೀವು ಕುಣಿದಾಡಿದಿರಿ. ‘ಗಂಡು ಅಂದ್ರೆ ಇವ್ನು ಗುರು’ ಎಂದು ಬರೆದಿರಿ. ‘ನಾಗಣ್ಣಂಗೆ ಈಗ ನಿದ್ದೆ ಬರಲ್ಲ ಮಚ್ಚಾ’ ಎಂದು ನಕ್ಕಿರಿ.

ಮರುದಿನ ಬೆಳಗ್ಗೆ ಪ್ರೆಸ್ಸಿನಲ್ಲಿದ್ದಾಗ ಲೋಕೇಶನ ಫೋನು ಬಂತು.

“ಏನ್ ಮಗಾ ಇದು ಹಾಕಿರೋದು? ಅವ್ನಿಗೆ ಬೀಳಲ್ಲ ಅಂತ ನಾನು ಯಾವಾಗ ಅಂದೆ? ತಂಡದ ಹುಡುಗ್ರು ಒಬ್ರೂ ಮಾತಾಡಿಸ್ತಿಲ್ಲ ನನ್ನ. ತೆಗೆದು ಬಿಸಾಕು ಅದನ್ನ.”

ಆಗ ನಾನು ಹೇಳಿದ ಮಾತು ಸ್ಪಷ್ಟವಾಗಿ ನೆನಪಿದೆ. ನೆನಪುಗಳನ್ನೇ ನಂಬದ ನಾನು ಇದೊಂದನ್ನು ನಂಬುತ್ತೇನೆ, ಏಕೆಂದರೆ ಇದನ್ನು ಚೆಂದ ಮಾಡಲು ಸಾಧ್ಯವೇ ಆಗಿಲ್ಲ.

“ನನ್ನ ಮೂಲ ಗಟ್ಟಿ ಇದೆ ಗುರು.”

ಆ ಕಡೆ ಲಾರಿಯೊಂದು ಹಾರ್ನ್ ಹೊಡೆಯಿತು. ಅವನು ನಕ್ಕನೋ ಕೆಮ್ಮಿದನೋ.

“ಲೋ, ಅದು ನನ್ನ ಬಾಯಿ ಕಣೋ. ನನ್ನ ಬಾಯಿಗಿಂತ ಗಟ್ಟಿ ಮೂಲ ಯಾವುದೋ ನಿಂದು?”

“ಜನ ಎಷ್ಟು ಖುಷಿಯಾಗಿದ್ದಾರೆ ನೋಡು. ನಾಗಣ್ಣ ಈಗ ಬುಕಿಂಗ್ ಬದಲಾಯಿಸ್ಲೇಬೇಕು. ಬೆಲ್ಟು ನಿಂದೇ.”

“ಬೆಲ್ಟ್ ಯಾರಿಗೋ ಬೇಕು?” ಅಂದ. ಫೋನು ಇಟ್ಟ. ಅಥವಾ ಇಟ್ಟವನು ನಾನು.

ತೆಗೆಯಲಿಲ್ಲ.

ಭಾನುವಾರ ಮಂಟಪ ತುಂಬಿತ್ತು. ಕೊನೆಯ ಆಟ ಲೋಕಿ–ಕಿರಣರದು. ‘ಬೀಳ್ಬೇಡ ಲೋಕಿ! ಬೀಳ್ಬೇಡ ಲೋಕಿ!’ ಎಂದು ಚಪ್ಪಾಳೆಯ ತಾಳಕ್ಕೆ ಕೂಗಿದಿರಿ, ನಾನೂ ಕೂಗಿದೆ. ಆಟ ರಿಂಗಿನಿಂದ ಹೊರಗೆ ಬಂತು, ಮೆಟ್ಟಿಲು ಹತ್ತಿತು. ಬಾಲ್ಕನಿಯಲ್ಲಿ ಇಬ್ಬರೂ ಕಂಡಾಗ ನನ್ನ ಚಪ್ಪಾಳೆ ನಿಂತಿತು. ಕೆಳಗೆ ಊಟದ ಟೇಬಲ್ಲುಗಳು, ಮೇಲೆ ಬಿಳಿ ಪೇಪರ್ ರೋಲು ಹಾಸಿದ್ದು, ಒಂದು ಮೂಲೆಗೆ ಹಾಗೇ ಇದ್ದವು. ಕಿರಣ ಎರಡೂ ಅಂಗೈ ಮುಂದೆ ಹಿಡಿದು ತಲೆ ಅಲ್ಲಾಡಿಸುತ್ತಿದ್ದ — ಬೇಡ ಎನ್ನುವಂತೆ. ಅದು ನಟನೆಯಲ್ಲ ಎಂದು ನನಗೆ ಗೊತ್ತಾಗಿದ್ದು, ಅವನಿಗೆ ನಟನೆ ಬರುವುದಿಲ್ಲ ಎಂದು ನಾನೇ ಅಷ್ಟು ಸಲ ಬರೆದಿದ್ದರಿಂದ. ಲೋಕೇಶ ತಾನೇ ಕಂಬಿ ಹತ್ತಿದ. ನಮಗೆ ಬೆನ್ನು ಮಾಡಿದ. ಯಾರೂ ತಳ್ಳಲಿಲ್ಲ.

ಒಂದು ಟೇಬಲ್ಲಿನ ಕಾಲು ಮುರಿಯಿತು. ಪಕ್ಕದ್ದು ಮುರಿಯಲಿಲ್ಲ.

ಕಿರಣ ಮೆಟ್ಟಿಲಿಳಿದು ಓಡಿಬಂದು ಪಕ್ಕದಲ್ಲಿ ಮಂಡಿಯೂರಿದ, ಏನೋ ಕೇಳಿದ. ಲೋಕೇಶ ಬಲಗೈಯಲ್ಲಿ ಕಿರಣನ ಕೈ ಎಳೆದು ತನ್ನ ಎದೆಯ ಮೇಲೆ ಇಟ್ಟುಕೊಂಡ. ಎಣಿಸು ಎಂದು ರೆಫರಿಗೆ ಕಣ್ಣಲ್ಲೇ ಹೇಳಿದ. ಒಂದು, ಎರಡು, ಮೂರು — ಆಟ ಸೋತ. ಅವನಿಗೂ ಬಿದ್ದ, ಅಲ್ಲಿಂದಲೂ ಬಿದ್ದ. ನೀವು ಕಾಗದದ ಲೋಟ ಎಸೆದು ‘ಮೋಸ, ಮೋಸ’ ಎಂದಿರಿ.

ಅಂದು ಸಂಜೆ ಆ ಬರಹವನ್ನು ತೆಗೆದೆ. ತಪ್ಪಾಯಿತು ಎಂದು ಒಂದು ಸಾಲೂ ಹಾಕಲಿಲ್ಲ. ಅದರ ಬದಲು ವಿಮರ್ಶೆ ಬರೆದೆ: ಭಾಮೈದನಿಗಾಗಿ ಲೋಕಿಯನ್ನು ಬಲಿ ಕೊಟ್ಟ ನಾಗರಾಜಣ್ಣ, ತೆರೆಮರೆಯ ರಾಜಕೀಯ, ಇತ್ಯಾದಿ. ನನ್ನ ಅತ್ಯುತ್ತಮ ಬರಹ ಎಂದು ನಿಮ್ಮಲ್ಲಿ ಹಲವರು ಈಗಲೂ ಅದನ್ನೇ ಹಂಚುತ್ತೀರಿ. ಅದಾದ ಮೇಲೆ ನಾಗರಾಜಣ್ಣ ಆಟ ಆಡಿಸುವುದನ್ನೇ ಬಿಟ್ಟರು.

ಈಗ ಇದುವರೆಗೆ ಯಾರಿಗೂ ಹೇಳದ್ದು. ಆ ಬಾಗಿಲ ಹಿಂದೆ, ಲೋಕೇಶ ‘ಬೀಳಲ್ಲ’ ಎಂದ ಮೇಲೆ, ನಾಗರಾಜಣ್ಣ ಇನ್ನೊಂದು ಮಾತು ಆಡಿದ್ದರು. ನಲ್ಲಿ ನಿಂತಿತ್ತು, ಚೆನ್ನಾಗಿ ಕೇಳಿತು. “ಸರಿ ಬಿಡಪ್ಪ, ಕತ್ತು ಮೊದ್ಲು. ಬೇರೆ ಏನಾದ್ರೂ ಮಾಡೋಣ.” ಕತ್ತಿನ ವಿಷಯ ಅವರಿಗೂ ಹೇಗೋ ಗೊತ್ತಾಗಿತ್ತು; ಬಾಲ್ಕನಿ ಅಲ್ಲಿಗೇ ರದ್ದಾಗಿತ್ತು. ಅದನ್ನು ಕೇಳಿಸಿಕೊಂಡವನೇ ಹೋಗಿ ‘ಅವನಿಗೆ’ ಎಂದು ಬರೆದೆ. ಅದನ್ನು ಕೇಳಿಸಿಕೊಂಡಿದ್ದವನೇ ‘ಬಲಿ’ ಎಂದೂ ಬರೆದೆ.

ಲೋಕೇಶನ ಎಡಗೈ ಬೆರಳುಗಳು ಈಗ ಸ್ಪ್ಯಾನರ್ ಬಿಗಿಯಾಗಿ ಹಿಡಿಯುವುದಿಲ್ಲ. ಗ್ಯಾರೇಜು ಬಿಟ್ಟು ಬಿಡಿಭಾಗಗಳ ಅಂಗಡಿಯ ಕೌಂಟರಿನಲ್ಲಿ ಕೂರುತ್ತಾನೆ. ನನ್ನ ಮೇಲಿನ ಸಿಟ್ಟು ಒಂದು ವರ್ಷ ಇತ್ತು. ಆಮೇಲೆ, ಯಾರೋ ಪುಕಾರು ಹಬ್ಬಿಸಿದರು, ನಾನು ಪೆದ್ದನಂತೆ ನಂಬಿದೆ ಎಂದು ತೀರ್ಮಾನಿಸಿ ಅವನೇ ಫೋನು ಮಾಡಿದ. ಟಿವಿಯಲ್ಲಿ ದೊಡ್ಡ ಆಟ ಬಂದಾಗಲೆಲ್ಲ “ಏನ್ ಗುರು, ಹಿಂಗಾ ಮಾಡೋದು ಬುಕಿಂಗು?” ಎಂದು ಬೈಯುತ್ತಾನೆ. ನಾವಿಬ್ಬರೂ ಸೇರಿ ಬೈಯುತ್ತೇವೆ. ಮೂರು ವರ್ಷ ಹೀಗೆ ಬೈಯುತ್ತಲೇ ಸುಮ್ಮನಿದ್ದೆ.

ಕಳೆದ ಭಾನುವಾರ ವಿಜಯನಗರದ ಅದೇ ಹೋಟೆಲಿನಲ್ಲಿ ನಿಂತು ಅವನಿಗೆ ಹೇಳಿದೆ. “ಅವತ್ತು ಬಾಗಿಲ ಹತ್ರ ಇದ್ದೋನು ನಾನೇ. ಯಾರೂ ಏನೂ ಹೇಳಿರ್ಲಿಲ್ಲ. ನೀನು ಅಲ್ಲಿಂದ ಬೀಳಲ್ಲ ಅಂದಿದ್ದೆ.”

ಅವನು ಕಾಫಿ ಊದಿಕೊಂಡ. “ಎರಡೂ ಅಂದಿರ್ಬೇಕು ಬಿಡು. ಅವ್ನಿಗೆ ಬೀಳೋಕೂ ನಂಗೆ ಅಷ್ಟೊಂದು ಇಷ್ಟ ಇರ್ಲಿಲ್ಲ, ನಿಜ ಹೇಳ್ಬೇಕು ಅಂದ್ರೆ.”

ಇದನ್ನು ನನ್ನ ಪರವಾದ ಸಾಕ್ಷಿ ಎಂದು ಓದಬೇಡಿ. ಅವನಿಗೆ ನಿಜಕ್ಕೂ ಹಾಗೆ ನೆನಪಿರಬಹುದು. ನನ್ನ ಮುಖ ನೋಡಿ ಆಗಷ್ಟೇ ಕಟ್ಟಿದ ಮಾತೂ ಇರಬಹುದು — ಎದುರಿಗಿದ್ದವನನ್ನು ಎತ್ತಿ ನಿಲ್ಲಿಸುವುದು ಅವನಿಗೆ ಅಭ್ಯಾಸ. ಆ ದಿನ ಅವನ ಬಾಯಿಂದ ಏನೇ ಬಂದಿರಲಿ, ನಾನು ಬರೆದದ್ದು ನನಗೆ ಬೇಕಾದದ್ದನ್ನು.

“ಮತ್ತೆ ಆ ಕಂಬಿ ಯಾಕೋ ಹತ್ತಿದೆ?” ಎಂದು ಕೇಳಿದೆ.

ಲೋಟ ಕೆಳಗಿಟ್ಟ. “ಸಖತ್ತಾಗಿತ್ತಲ್ವಾ, ಬಿದ್ದಿದ್ದು?”

ಹೌದು ಎಂದೆ. ಆಗಿತ್ತು. ಅಷ್ಟು ಚೆನ್ನಾಗಿ ಬಿದ್ದವರನ್ನು ನಾನು ಎಲ್ಲೂ ನೋಡಿಲ್ಲ.

ಬಸ್ಸು ಬಂತು, ಹೋದ. ಕ್ಷಮಿಸಿದ್ದೇನೆ ಎನ್ನಲಿಲ್ಲ, ನಾನು ಕೇಳಿರಲೂ ಇಲ್ಲ. ನಾಗರಾಜಣ್ಣನ ಅಂಗಡಿಗೆ ನಾಳೆ ಹೋಗಿ ಅವರಿಗೂ ಹೇಳುತ್ತೇನೆ. ಆ ವಿಮರ್ಶೆಯನ್ನು ಅಳಿಸುವುದಿಲ್ಲ, ಅದರ ತಲೆಯ ಮೇಲೆ ಇದು ಸುಳ್ಳು ಎಂದು ಬರೆದು, ಕೆಳಗೆ ಇದನ್ನು ನನ್ನ ಹೆಸರಿನಲ್ಲೇ ಹಾಕುತ್ತೇನೆ.

ನನ್ನ ಸುಳ್ಳನ್ನು ಸುಳ್ಳು ಮಾಡಲು ಬಿದ್ದನೋ, ಮಾತು ಬಿಟ್ಟ ಹುಡುಗರ ನಡುವೆ ಮತ್ತೆ ನಿಲ್ಲಲು ಬಿದ್ದನೋ, ಅಷ್ಟು ಜನ ಒಟ್ಟಿಗೆ ತನ್ನ ಹೆಸರು ಕೂಗಿದ್ದು ಅದೇ ಮೊದಲೆಂದು ಬಿದ್ದನೋ — ಆ ಕಂಬಿಯ ಮೇಲೆ ನಿಂತಾಗ ಅವನ ಮನಸ್ಸಿನಲ್ಲಿ ಏನಿತ್ತು ಎಂದು ನನಗೆ ಗೊತ್ತಿಲ್ಲ.